‘ಅಪ್’ ಎಂಬ ಕಿರುಪದ: ಅರ್ಥದ ಹರಹು ಮತ್ತು ಬೋಧನೆಯ ದಾರಿ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಆರನೆಯ ತರಗತಿಯನ್ನು ಕಲ್ಪಿಸಿಕೊಳ್ಳಬಹುದು. ಇಂಗ್ಲಿಷ್ ಪಾಠದಲ್ಲಿ ‘ದ ವೆಲ್ ಡ್ರೈಡ್ ಅಪ್’ ಎಂಬ ವಾಕ್ಯ ಬಂದಿದೆ. ಅದನ್ನು ಕನ್ನಡದಲ್ಲಿ ಬರೆಯಬೇಕೆಂದು ಶಿಕ್ಷಕಿ ಹೇಳಿದ್ದಾರೆ. ಒಬ್ಬ ಬಾಲಕಿ ‘ಬಾವಿ ಮೇಲೆ ಒಣಗಿತು’ ಎಂದು ಬರೆದಿದ್ದಾಳೆ. ಶಿಕ್ಷಕಿ ಅದರ ಮೇಲೆ ಕೆಂಪು ಗೆರೆ ಎಳೆದು, ‘ಬಾವಿ ಬತ್ತಿಹೋಯಿತು’ ಎಂದು ತಿದ್ದುತ್ತಾರೆ. ಬಾಲಕಿ ತಿದ್ದುಪಡಿಯನ್ನು ನೋಡಿ, “ಟೀಚರ್, ಹಾಗಾದರೆ ‘ಅಪ್’ ಎಲ್ಲಿ ಹೋಯಿತು?” ಎಂದು ಕೇಳುತ್ತಾಳೆ.

ಈ ಪ್ರಶ್ನೆಗೆ ‘ಅದು ಹಾಗೆಯೇ, ಬಾಯಿಪಾಠ ಮಾಡು’ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಆ ಉತ್ತರದಿಂದ ಎರಡು ನಷ್ಟಗಳು ಉಂಟಾಗುತ್ತವೆ. ಇಂಗ್ಲಿಷ್ ಎಂಬುದು ಕಾರಣವಿಲ್ಲದ ನಿಯಮಗಳ ರಾಶಿ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ಕನ್ನಡದ ಮೂಲಕ ಇಂಗ್ಲಿಷನ್ನು ಅರಿಯಲು ಹೊರಟದ್ದೇ ತಪ್ಪಾಯಿತೆಂಬ ಅಳುಕೂ ಅದರೊಂದಿಗೆ ಹುಟ್ಟುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹಾನಿಕರ. ವಸ್ತುತಃ ಆ ಬಾಲಕಿಯ ಪ್ರಶ್ನೆಗೆ ನಿಖರವಾದ ಉತ್ತರವಿದೆ: ‘ಅಪ್’ ಎಲ್ಲಿಯೂ ಹೋಗಿಲ್ಲ, ‘ಬತ್ತಿಹೋಯಿತು’ ಎಂಬಲ್ಲಿರುವ ‘ಹೋಯಿತು’ ಎಂಬುದೇ ಅದು. ಈ ಉತ್ತರದ ಹಿನ್ನೆಲೆಯನ್ನು ವಿವರಿಸುವುದು ಮತ್ತು ತರಗತಿಯಲ್ಲಿ ಅದನ್ನು ಬಳಸುವ ಕ್ರಮವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿಕ್ಕ ಪದ, ದೊಡ್ಡ ಹೊರೆ

ಯಾವುದೇ ಭಾಷೆಯಲ್ಲಿ ಉದ್ದನೆಯ ಪದಗಳಿಗೆ ಅರ್ಥ ಕಡಿಮೆ, ಕಿರುಪದಗಳಿಗೆ ಅರ್ಥ ಹೆಚ್ಚು ಎಂಬುದು ಸಾಮಾನ್ಯವಾಗಿ ಸಲ್ಲುವ ಮಾತು. ‘ಥರ್ಮಾಮೀಟರ್’ ಎಂಬ ಪದಕ್ಕೆ ಅರ್ಥ ಒಂದೇ. ಆದರೆ 1989ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಮೂರಕ್ಷರದ ಪದಕ್ಕೆ ಸುಮಾರು 430 ಅರ್ಥಗಳನ್ನು ಕೊಡಲಾಗಿತ್ತು. ಅದೇ ನಿಘಂಟಿನ ಪರಿಷ್ಕರಣದಲ್ಲಿ ‘ರನ್’ ಎಂಬ ಕ್ರಿಯಾಪದವೊಂದಕ್ಕೇ 645 ಅರ್ಥಗಳು ದಾಖಲಾದವು. ದಿನನಿತ್ಯದ ಮಾತಿನಲ್ಲಿ ಹೆಚ್ಚು ಸವೆದ ಪದವೇ ಹೆಚ್ಚು ಅರ್ಥಗಳನ್ನು ಹೊರುತ್ತದೆ.

‘ಅಪ್’ ಈ ಸಾಲಿಗೆ ಸೇರಿದ, ಇಂಗ್ಲಿಷಿನಲ್ಲಿ ಎರಡೇ ಅಕ್ಷರಗಳಲ್ಲಿ ಬರೆಯಲಾಗುವ ಪದ. ಅದು ಕ್ರಿಯಾವಿಶೇಷಣವಾಗಿ, ವಿಭಕ್ತಿಸೂಚಕ ಅವ್ಯಯವಾಗಿ, ಗುಣವಾಚಕವಾಗಿ, ನಾಮಪದವಾಗಿ, ಕ್ರಿಯಾಪದವಾಗಿಯೂ ಬಳಕೆಯಾಗುತ್ತದೆ. ‘ಲುಕ್ ಅಪ್’ ಎಂದಾಗ ಅದು ಕ್ರಿಯಾವಿಶೇಷಣ. ‘ಅಪ್ ದ ಹಿಲ್’ ಎಂದಾಗ ಅವ್ಯಯ. ‘ದ ಅಪ್ ಟ್ರೇನ್’ ಎಂದಾಗ ಗುಣವಾಚಕ. ಬಾಳಿನ ಏಳುಬೀಳುಗಳನ್ನು ‘ಅಪ್ಸ್ ಅಂಡ್ ಡೌನ್ಸ್’ ಎಂದಾಗ ನಾಮಪದ. ಬೆಲೆ ಏರಿಸಿದರೆಂಬುದನ್ನು ‘ದೇ ಅಪ್ಡ್ ದ ಪ್ರೈಸ್’ ಎಂದಾಗ ಕ್ರಿಯಾಪದ.

ಬಹ್ವರ್ಥತೆ ಕನ್ನಡದ ಮಗುವಿಗೆ ಹೊಸದಲ್ಲ. ‘ಹೊಡೆ’ ಎಂಬ ಧಾತುವನ್ನು ಗಮನಿಸಬಹುದು. ಗಂಟೆ ಹೊಡೆಯುತ್ತದೆ, ಗೋಡೆಗೆ ಮೊಳೆ ಹೊಡೆಯುತ್ತಾರೆ, ಬಣ್ಣ ಹೊಡೆಯುತ್ತಾರೆ, ಬೆಳೆಗೆ ಔಷಧ ಹೊಡೆಯುತ್ತಾರೆ, ಸೈಕಲ್ಲಿಗೆ ಗಾಳಿ ಹೊಡೆಯುತ್ತಾರೆ, ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುತ್ತಾರೆ, ಮಧ್ಯಾಹ್ನ ನಿದ್ದೆ ಹೊಡೆಯುತ್ತಾರೆ. ಇವುಗಳಲ್ಲಿ ಏಟು ಬೀಳುವುದು ಎಷ್ಟರಲ್ಲಿ? ‘ಮೇಲೆ’ ಎಂಬ ಪದವೂ ಹೀಗೆಯೇ. ‘ಮೇಜಿನ ಮೇಲೆ’ ಎಂಬಲ್ಲಿ ಸ್ಥಾನ, ‘ಊಟದ ಮೇಲೆ’ ಎಂಬಲ್ಲಿ ಕಾಲ, ‘ತಮ್ಮನ ಮೇಲೆ ಕೋಪ’ ಎಂಬಲ್ಲಿ ಗುರಿ, ‘ನೂರರ ಮೇಲೆ’ ಎಂಬಲ್ಲಿ ಪ್ರಮಾಣ. ಈ ವೈವಿಧ್ಯವನ್ನು ಮಗು ತೊಟ್ಟಿಲಿನಿಂದಲೇ ಅರಗಿಸಿಕೊಂಡಿರುತ್ತದೆ. ಅದು ಗಮನಕ್ಕೆ ಬಂದಿರುವುದಿಲ್ಲ, ಅಷ್ಟೆ. ಮೊದಲು ಅದನ್ನು ಗಮನಕ್ಕೆ ತಂದು, ಬಳಿಕ ‘ಅಪ್’ ಪದವನ್ನು ಕೈಗೆತ್ತಿಕೊಂಡರೆ ಅರ್ಧ ದಾರಿ ಸವೆದಂತೆ.

ಪದದ ಮೂಲ ಮತ್ತು ಬಾಂಧವ್ಯ

‘ಅಪ್’ ಹಳೆಯ ಇಂಗ್ಲಿಷಿನ ಕಾಲದಿಂದಲೂ ಇರುವ ಜರ್ಮ್ಯಾನಿಕ್ ಮೂಲದ ಪದ. ಜರ್ಮನ್ ಭಾಷೆಯ ‘ಔಫ್’, ಡಚ್ ಭಾಷೆಯ ‘ಓಪ್’ ಇದರ ಹತ್ತಿರದ ಬಂಧುಗಳು. ದೂರದ ಬಂಧುವೊಂದು ಕನ್ನಡ ಶಿಕ್ಷಕರ ಮನೆಯಲ್ಲಿಯೇ ಇದೆ. ಇಂಡೋ–ಯುರೋಪಿಯನ್ ಭಾಷೆಗಳ ತೌಲನಿಕ ಅಧ್ಯಯನವು ‘ಅಪ್’ ಪದವನ್ನೂ ಸಂಸ್ಕೃತದ ‘ಉಪ’ ಎಂಬ ಉಪಸರ್ಗವನ್ನೂ ಒಂದೇ ಮೂಲಕ್ಕೆ ಸೇರಿಸುತ್ತದೆ. ಅದೇ ರೀತಿ ಇಂಗ್ಲಿಷಿನ ‘ಓವರ್’ ಮತ್ತು ಸಂಸ್ಕೃತದ ‘ಉಪರಿ’ ಬಂಧುಗಳು.

ಸಂಸ್ಕೃತದಲ್ಲಿ ‘ಉಪ’ ಎಂಬುದಕ್ಕೆ ‘ಸಮೀಪ’ ಎಂಬ ಅರ್ಥ ಪ್ರಧಾನವಾಯಿತು. ಇಂಗ್ಲಿಷಿನಲ್ಲಿ ‘ಮೇಲಕ್ಕೆ’ ಎಂಬ ಅರ್ಥ ಪ್ರಧಾನವಾಯಿತು. ಆದರೂ ಸಾಮೀಪ್ಯದ ಅರ್ಥ ಇಂಗ್ಲಿಷಿನಲ್ಲಿಯೂ ಕಾಣಸಿಗುತ್ತದೆ. ‘ಹಿ ಕೇಮ್ ಅಪ್ ಟು ಮಿ’ ಎಂದರೆ ಅವನು ಮೇಲೇರಿ ಬಂದನೆಂದಲ್ಲ, ಹತ್ತಿರ ಬಂದನೆಂದು. ಯಾರ ಸಮೀಪಕ್ಕೆ ಹೋಗಿ ಅಧ್ಯಯನ ಮಾಡುತ್ತಾರೆಯೋ ಅವರು ‘ಉಪಾಧ್ಯಾಯ’ರು ಎಂಬುದು ಆ ಪದದ ನಿಷ್ಪತ್ತಿ. ಹೀಗೆ ‘ಅಪ್’ ಪದವನ್ನು ಕಲಿಸುವ ಉಪಾಧ್ಯಾಯರ ಹೆಸರಿನ ಮೊದಲಿಗೇ ಅದರ ಬಂಧುವೊಂದು ಕುಳಿತಿದೆ. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಈ ಬಂಧುತ್ವವನ್ನು ಮಕ್ಕಳಿಗೆ ತೋರಿಸಲು ಸಾಧ್ಯ.

ದಿಕ್ಕಿನಿಂದ ಮುಕ್ತಾಯದವರೆಗೆ

‘ಅಪ್’ ಪದದ ಅರ್ಥಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿದರೆ ಅವು ನೆನಪಿನಲ್ಲಿ ನಿಲ್ಲುವುದಿಲ್ಲ. ಒಂದರಿಂದ ಮತ್ತೊಂದು ಹುಟ್ಟಿದ ಬಗೆಯನ್ನು ಸರಪಳಿಯಂತೆ ತೋರಿಸಿದರೆ ನಿಲ್ಲುತ್ತವೆ. ಐದು ಕೊಂಡಿಗಳನ್ನು ಗುರುತಿಸಬಹುದು.

ಮೊದಲನೆಯದು ದಿಕ್ಕು. ‘ಗೋ ಅಪ್’, ‘ಕ್ಲೈಂಬ್ ಅಪ್’, ‘ಸ್ಟ್ಯಾಂಡ್ ಅಪ್’ ಎಂಬಲ್ಲಿ ಮೇಲ್ಮುಖ ಚಲನೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ‘ಮೇಲೆ’, ‘ಮೇಲಕ್ಕೆ’, ‘ಏಳು’, ‘ಎತ್ತು’ ಎಂಬ ಕನ್ನಡ ಪದಗಳು ನೇರವಾಗಿ ಸಲ್ಲುತ್ತವೆ.

ಎರಡನೆಯದು ಪ್ರಮಾಣದ ಹೆಚ್ಚಳ. ರಾಶಿ ಹಾಕಿದಷ್ಟೂ ಧಾನ್ಯದ ಗುಡ್ಡೆ ಎತ್ತರವಾಗುತ್ತದೆ. ಆದುದರಿಂದ ಹೆಚ್ಚಾಗುವುದೆಂದರೆ ಮೇಲೇರುವುದು. ‘ಪ್ರೈಸಸ್ ವೆಂಟ್ ಅಪ್’ ಎಂದರೆ ಬೆಲೆ ಏರಿತು. ‘ಸ್ಪೀಕ್ ಅಪ್’ ಎಂದರೆ ಧ್ವನಿ ಏರಿಸು. ಹೆಚ್ಚಿನದು, ಒಳ್ಳೆಯದು, ಸಂತೋಷದ್ದು ಮೇಲೆ; ಕಡಿಮೆಯದು, ಕೆಟ್ಟದ್ದು, ದುಃಖದ್ದು ಕೆಳಗೆ ಎಂಬ ಈ ಕಲ್ಪನೆಯನ್ನು ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕನ್ನಡದಲ್ಲಿಯೂ ‘ಮೇಲುಗೈ’, ‘ಕೀಳರಿಮೆ’, ‘ಕುಗ್ಗಿದ ಮುಖ’, ‘ತಲೆಯೆತ್ತಿ ನಡೆ’ ಎಂಬ ಮಾತುಗಳು ಇದೇ ಕಲ್ಪನೆಯ ಮೇಲೆ ನಿಂತಿವೆ.

ಮೂರನೆಯದು ಪ್ರಾಮುಖ್ಯ. ಇಂಗ್ಲೆಂಡಿನಲ್ಲಿ ರಾಜಧಾನಿಯ ಕಡೆಗೆ ಹೋಗುವುದನ್ನು ‘ಅಪ್ ಟು ಲಂಡನ್’ ಎನ್ನುವುದು ವಾಡಿಕೆ. ಊರು ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದು ಲೆಕ್ಕಕ್ಕಿಲ್ಲ. ಅಲ್ಲಿನ ರೈಲುಮಾರ್ಗಗಳಲ್ಲಿ ಸಾಮಾನ್ಯವಾಗಿ ಲಂಡನ್ನಿನ ಕಡೆಗೆ ಹೋಗುವುದು ‘ಅಪ್’ ಹಳಿ, ಅಲ್ಲಿಂದ ಹೊರಡುವುದು ‘ಡೌನ್’ ಹಳಿ. ಭಾರತದ ರೈಲ್ವೆಯಲ್ಲಿ ‘ಅಪ್’, ‘ಡೌನ್’ ಪದಗಳು ಬಳಕೆಗೆ ಬಂದುದು ಆ ಸಂಪ್ರದಾಯದಿಂದಲೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವುದು ‘ಗೋಯಿಂಗ್ ಅಪ್’, ಅಲ್ಲಿಂದ ಹೊರಹಾಕಲ್ಪಡುವುದು ‘ಸೆಂಟ್ ಡೌನ್’.

ನಾಲ್ಕನೆಯದು ಸಾಮೀಪ್ಯ ಮತ್ತು ಮಿತಿ. ಹತ್ತಿರ ಬರುವುದನ್ನು ಸೂಚಿಸುವ ‘ಅಪ್ ಟು’ ಎಂಬ ಜೋಡಿಯೇ ಮುಂದೆ ‘ಅಲ್ಲಿಯವರೆಗೆ, ಅದರಾಚೆಗಿಲ್ಲ’ ಎಂಬ ಅರ್ಥವನ್ನು ಪಡೆಯಿತು. ‘ಅಪ್ ಟು ಟೆನ್’ ಎಂದರೆ ಹತ್ತರವರೆಗೆ. ‘ಇಟ್ ಈಸ್ ಅಪ್ ಟು ಯು’ ಎಂದರೆ ತೀರ್ಮಾನ ನಿನ್ನವರೆಗೆ ಬಂದು ನಿಂತಿದೆ, ಅರ್ಥಾತ್ ನಿನಗೆ ಬಿಟ್ಟದ್ದು.

ಐದನೆಯದು ಮುಕ್ತಾಯ ಅಥವಾ ಪೂರ್ಣತೆ. ಬಾಲಕಿಯ ವಾಕ್ಯಕ್ಕೆ ಸಂಬಂಧಿಸಿದುದು ಇದೇ. ‘ಮೇಲೆ’ ಎಂಬುದಕ್ಕೂ ‘ಪೂರ್ತಿ’ ಎಂಬುದಕ್ಕೂ ಏನು ಸಂಬಂಧ ಎಂಬ ಸಂದೇಹ ಸಹಜ. ಕೊಡಕ್ಕೆ ನೀರು ತುಂಬುವುದನ್ನು ನೆನೆದರೆ ಸಂದೇಹ ಪರಿಹಾರವಾಗುತ್ತದೆ. ನೀರು ಮೇಲೇರುತ್ತಾ ಹೋಗಿ ಕಂಠ ಮುಟ್ಟಿದಾಗ ಕೊಡ ತುಂಬಿತೆನ್ನುತ್ತೇವೆ. ಮೇಲೇರುವುದೂ ಪೂರ್ಣವಾಗುವುದೂ ಅಲ್ಲಿ ಒಂದೇ ಘಟನೆ. ‘ಫಿಲ್ ಅಪ್’ ಎಂಬಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಇವೆ. ಅಲ್ಲಿಂದ ಮುಂದಕ್ಕೆ ದಿಕ್ಕಿನ ಅರ್ಥ ಕಳಚಿ, ಪೂರ್ಣತೆಯ ಅರ್ಥ ಮಾತ್ರ ಉಳಿದುದನ್ನು ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’, ‘ಡ್ರೈ ಅಪ್’ ಎಂಬಲ್ಲಿ ಕಾಣಬಹುದು. ಬಾವಿಯಲ್ಲಿ ನೀರು ಕೆಳಗಿಳಿದು ಬತ್ತಿದರೂ ಇಂಗ್ಲಿಷಿನಲ್ಲಿ ‘ಡ್ರೈಡ್ ಅಪ್’ ಎನ್ನುವುದು ಈ ಕಾರಣದಿಂದ. ಪರೀಕ್ಷೆಯ ಕೊಠಡಿಯಲ್ಲಿ ‘ಟೈಮ್ ಈಸ್ ಅಪ್’ ಎಂದರೆ ಅಳತೆ ತುಂಬಿತು, ಸಮಯ ಮುಗಿಯಿತು ಎಂದರ್ಥ.

ಕನ್ನಡದಲ್ಲಿ ಅದೇ ಕೆಲಸ ಮಾಡುವವರು

ಪೂರ್ಣತೆಯನ್ನು ಸೂಚಿಸಲು ಇಂಗ್ಲಿಷ್ ತನ್ನ ಕ್ರಿಯಾಪದದ ಮುಂದೆ ಒಂದು ಕಿರುಪದವನ್ನು ಇಡುತ್ತದೆ. ಕನ್ನಡ ತನ್ನ ಭೂತಕೃದಂತದ ಮುಂದೆ ಮತ್ತೊಂದು ಕ್ರಿಯಾಪದವನ್ನು ಇಡುತ್ತದೆ. ‘ಹಾಕು’, ‘ಬಿಡು’, ‘ಹೋಗು’, ‘ಇಡು’ ಮೊದಲಾದವು ಇಲ್ಲಿ ತಮ್ಮ ಸ್ವಂತ ಅರ್ಥವನ್ನು ಬಹುಮಟ್ಟಿಗೆ ಬಿಟ್ಟು ಸಹಾಯಕ ಕ್ರಿಯಾಪದಗಳಾಗುತ್ತವೆ. ‘ತಿಂದುಹಾಕಿದನು’ ಎಂಬಲ್ಲಿ ಯಾವುದನ್ನೂ ಎಲ್ಲಿಗೂ ಹಾಕಿಲ್ಲ. ‘ಒಣಗಿಹೋಯಿತು’ ಎಂಬಲ್ಲಿ ಯಾವುದೂ ಎಲ್ಲಿಗೂ ಹೋಗಿಲ್ಲ. ‘ಈಟ್ ಅಪ್’ ಎಂಬಲ್ಲಿ ಯಾವುದೂ ಮೇಲೇರದಂತೆಯೇ ಇದು. ಕೆಳಗಿನ ಜೋಡಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಬಹುದು:

ಈಟ್ ಅಪ್ – ತಿಂದುಹಾಕು
ಡ್ರಿಂಕ್ ಅಪ್ – ಕುಡಿದುಬಿಡು
ಟೇರ್ ಅಪ್ – ಹರಿದುಹಾಕು
ಟೈ ಅಪ್ – ಕಟ್ಟಿಹಾಕು
ಲಾಕ್ ಅಪ್ – ಕೂಡಿಹಾಕು
ಕವರ್ ಅಪ್ – ಮುಚ್ಚಿಹಾಕು
ಡ್ರೈ ಅಪ್ – ಬತ್ತಿಹೋಗು, ಒಣಗಿಹೋಗು
ಸೇವ್ ಅಪ್ – ಕೂಡಿಡು

‘ಕವರ್ ಅಪ್’ ಮತ್ತು ‘ಮುಚ್ಚಿಹಾಕು’ ಎಂಬ ಜೋಡಿ ವಿಶೇಷವಾಗಿ ಗಮನಾರ್ಹ. ತಪ್ಪನ್ನೋ ಹಗರಣವನ್ನೋ ಹೊರಗೆ ಬಾರದಂತೆ ಮಾಡುವುದನ್ನು ಎರಡು ಭಾಷೆಗಳೂ ಒಂದೇ ಚಿತ್ರದಿಂದ, ಒಂದೇ ಬಗೆಯ ರಚನೆಯಿಂದ ಹೇಳುತ್ತವೆ. ಒಂದು ಮತ್ತೊಂದರಿಂದ ಅನುವಾದವಾಗಿ ಬಂದುದೆಂದು ಭಾವಿಸಬೇಕಾಗಿಲ್ಲ. ‘ಕಟ್ಟಿಹಾಕು’, ‘ಕೂಡಿಹಾಕು’ ಎಂಬವು ಕನ್ನಡದ ಸ್ವಂತ ಜಾಯಮಾನದವು.

ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಸೂಕ್ಷ್ಮವಾದ ಭೇದವನ್ನೂ ತೋರಿಸುತ್ತದೆ. ‘ದ ಪೇಪರ್ ಬರ್ನ್ಡ್ ಅಪ್’ ಎಂಬುದಕ್ಕೆ ‘ಕಾಗದ ಸುಟ್ಟುಹೋಯಿತು’ ಎನ್ನಬೇಕು; ‘ಹಿ ಬರ್ನ್ಡ್ ಅಪ್ ದ ಪೇಪರ್’ ಎಂಬುದಕ್ಕೆ ‘ಅವನು ಕಾಗದವನ್ನು ಸುಟ್ಟುಹಾಕಿದನು’ ಎನ್ನಬೇಕು. ತಾನಾಗಿ ಆದುದಕ್ಕೆ ‘ಹೋಗು’, ಒಬ್ಬನು ಮಾಡಿದುದಕ್ಕೆ ‘ಹಾಕು’. ಇಂಗ್ಲಿಷಿನ ‘ಅಪ್’ ಎರಡು ಕಡೆಯೂ ಬದಲಾಗುವುದಿಲ್ಲ. ಕನ್ನಡದ ‘ಹೋಗು’ ಅನೇಕ ವೇಳೆ ವಿಷಾದದ ಛಾಯೆಯನ್ನೂ ತರುತ್ತದೆ. ತಮ್ಮ ಭಾಷೆ ಇಂಗ್ಲಿಷಿಗಿಂತ ಬಡವಾದುದು ಎಂಬ ಭಾವನೆಯೊಂದಿಗೆ ತರಗತಿಗೆ ಬರುವ ಮಕ್ಕಳು ಈ ಜೋಡಿಯನ್ನು ತಾವೇ ಕಂಡುಕೊಳ್ಳುವಂತಾಗಬೇಕು.

ನೆರೆಭಾಷೆಯ ನೆರವು

ಗಡಿಭಾಗದ ಮಗುವಿಗೆ ಕನ್ನಡವಲ್ಲದೆ ರಾಜ್ಯದ ಭಾಷೆಯೂ ಕಿವಿಯಲ್ಲಿರುತ್ತದೆ. ಇದನ್ನು ಹೊರೆಯೆಂದು ಎಣಿಸುವುದೇ ಹೆಚ್ಚು. ಆದರೆ ಈ ಪಾಠದಲ್ಲಿ ಅದೊಂದು ಅನುಕೂಲ.

ತಾಳವಾಡಿ, ಹೊಸೂರುಗಳ ಮಗು ತಮಿಳಿನಲ್ಲಿ ‘ಸಾಪ್ಪಿಟ್ಟುವಿಟ್ಟಾನ್’ ಎಂಬುದನ್ನು ಕೇಳಿರುತ್ತದೆ. ಅಲ್ಲಿನ ‘ವಿಡು’ ಕನ್ನಡದ ‘ಬಿಡು’ವಿನ ಸೋದರ. ಮಡಕಶಿರಾ, ರಾಯದುರ್ಗ, ಆದವಾನಿಗಳ ಮಗುವಿಗೆ ತೆಲುಗಿನ ‘ತಿನೇಶಾಡು’ ಪರಿಚಿತ. ಅದರಲ್ಲಿ ‘ವೇಯು’, ಅಂದರೆ ಹಾಕು, ಎಂಬ ಧಾತು ಅಡಗಿದೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಮಗು ಮರಾಠಿಯ ‘ಖಾಊನ್ ಟಾಕಲೆ’ ಎಂಬುದನ್ನು ಬಲ್ಲದು. ‘ಟಾಕಣೆ’ ಎಂದರೂ ಹಾಕುವುದೇ. ಕಾಸರಗೋಡು, ವಯನಾಡುಗಳ ಮಗು ಮಲಯಾಳದ ‘ತಿನ್ನುಕಳಞ್ಞು’ ಎಂಬುದನ್ನು ಕೇಳಿರುತ್ತದೆ. ಅಲ್ಲಿನ ‘ಕಳಯುಕ’ ಕನ್ನಡದ ‘ಕಳೆ’ಗೆ ಹತ್ತಿರದ್ದು. ನೀಲಗಿರಿಯ ಬಡಗ ಮಾತಿನಲ್ಲಿ, ಗೋವೆಯ ಕೊಂಕಣಿಯಲ್ಲಿ ಇದೇ ಅರ್ಥವನ್ನು ಹೇಗೆ ಹೇಳುತ್ತಾರೆಂದು ಮಕ್ಕಳನ್ನೇ ಕೇಳಿ ಬರೆಯಿಸಬಹುದು. ಅವರು ತರುವ ಉತ್ತರವೇ ಅಂದಿನ ಪಾಠದ ಸಾಮಗ್ರಿ.

ಒಂದೇ ಅರ್ಥವನ್ನು ಮೂರು ಭಾಷೆಗಳು ಮೂರು ಉಪಕರಣಗಳಿಂದ ಸಾಧಿಸುತ್ತವೆ ಎಂಬುದನ್ನು ಕಂಡ ಮಗು ಪದಕ್ಕೆ ಪದವನ್ನು ಹೊಂದಿಸುವ ಅಭ್ಯಾಸವನ್ನು ತಾನಾಗಿ ಬಿಡುತ್ತದೆ. ‘ಅಪ್ ಎಂದರೆ ಏನು?’ ಎಂಬ ಪ್ರಶ್ನೆಯ ಬದಲು ‘ಇಲ್ಲಿ ಅಪ್ ಯಾವ ಕೆಲಸ ಮಾಡುತ್ತಿದೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಭಾಷಾಕಲಿಕೆಯಲ್ಲಿ ಈ ಬದಲಾವಣೆ ಸಣ್ಣದಲ್ಲ.

ಸಾಮ್ಯದ ಮಿತಿಗಳು

ಈ ಸಾಮ್ಯ ಊರುಗೋಲು ಮಾತ್ರ. ಅದನ್ನೇ ಸೂತ್ರವಾಗಿಸಿದರೆ ಹೊಸ ತಪ್ಪುಗಳು ಹುಟ್ಟುತ್ತವೆ. ಶಿಕ್ಷಕರು ನಾಲ್ಕು ಎಚ್ಚರಿಕೆಗಳನ್ನು ಮನದಲ್ಲಿಡಬೇಕು.

ಮೊದಲನೆಯದಾಗಿ, ಕನ್ನಡದ ಪ್ರತಿಯೊಂದು ‘ಬಿಡು’, ‘ಹೋಗು’ಗಳಿಗೂ ಇಂಗ್ಲಿಷಿನಲ್ಲಿ ‘ಅಪ್’ ಬಾರದು. ‘ಅವನು ಮಲಗಿಬಿಟ್ಟನು’ ಎಂಬುದಕ್ಕೆ ‘ಸ್ಲೆಪ್ಟ್ ಅಪ್’ ಎನ್ನಲಾಗದು; ‘ಸತ್ತುಹೋದನು’ ಎಂಬುದಕ್ಕೆ ‘ಡೈಡ್ ಅಪ್’ ಎನ್ನಲಾಗದು. ಖರ್ಚಾಗುವ, ತುಂಬುವ, ಒಡೆಯುವ, ಮುಚ್ಚುವ ಕ್ರಿಯೆಗಳ ಜೊತೆಯಲ್ಲಿಯೇ ಮುಕ್ತಾಯದ ‘ಅಪ್’ ಹೆಚ್ಚಾಗಿ ಬರುತ್ತದೆ.

ಎರಡನೆಯದಾಗಿ, ಒಂದೇ ಜೋಡಿಗೆ ಹಲವು ಅರ್ಥಗಳಿರುತ್ತವೆ. ‘ಗಿವ್ ಅಪ್’ ಇದಕ್ಕೆ ಉತ್ತಮ ನಿದರ್ಶನ. ‘ಹಿ ಗೇವ್ ಅಪ್ ಹಿಸ್ ಸೀಟ್’ ಎಂದರೆ ತನ್ನ ಆಸನವನ್ನು ಬಿಟ್ಟುಕೊಟ್ಟನು. ‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂದರೆ ಧೂಮಪಾನವನ್ನು ಬಿಟ್ಟನು. ‘ಹಿ ಗೇವ್ ಹಿಮ್‌ಸೆಲ್ಫ್ ಅಪ್’ ಎಂದರೆ ಶರಣಾದನು. ‘ಮೇಕ್ ಅಪ್’ ಎಂಬುದಕ್ಕೆ ಮುಖಾಲಂಕಾರ ಮಾಡು, ಕಟ್ಟುಕತೆ ಹೇಳು, ಮುನಿಸು ಮರೆತು ಒಂದಾಗು, ಕೊರತೆ ತುಂಬು ಎಂಬ ಅರ್ಥಗಳಿವೆ. ಇಂಥವುಗಳನ್ನು ವಾಕ್ಯದಿಂದ ಬೇರ್ಪಡಿಸಿ ಕಲಿಸಬಾರದು.

ಮೂರನೆಯದಾಗಿ, ‘ಅಪ್’ ಕೆಲವೊಮ್ಮೆ ತನಗೆ ತಾನೇ ಎದುರು ನಿಲ್ಲುತ್ತದೆ. ‘ದ ಕಂಪ್ಯೂಟರ್ ಈಸ್ ಅಪ್’ ಎಂದರೆ ಅದು ಕೆಲಸ ಮಾಡುತ್ತಿದೆ; ‘ದ ಟೈಮ್ ಈಸ್ ಅಪ್’ ಎಂದರೆ ಸಮಯ ಮುಗಿದಿದೆ. ‘ಸ್ಲೋ ಅಪ್’, ‘ಸ್ಲೋ ಡೌನ್’ ಎಂಬವುಗಳಲ್ಲಿ ಎದುರುಪದಗಳಿದ್ದರೂ ಅರ್ಥ ಒಂದೇ, ವೇಗ ತಗ್ಗಿಸು ಎಂದು. ಇನ್ನು ಕೆಲವೆಡೆ ‘ಅಪ್’, ‘ಡೌನ್’ ಎರಡೂ ಬಂದು ಬೇರೆ ಬೇರೆ ಕೆಲಸ ಮಾಡುತ್ತವೆ. ಮರವನ್ನು ಮೊದಲು ‘ಕಟ್ ಡೌನ್’ ಮಾಡುತ್ತಾರೆ, ಅಂದರೆ ಕಡಿದು ಉರುಳಿಸುತ್ತಾರೆ; ಆಮೇಲೆ ‘ಕಟ್ ಅಪ್’ ಮಾಡುತ್ತಾರೆ, ಅಂದರೆ ತುಂಡುತುಂಡಾಗಿ ಕತ್ತರಿಸುತ್ತಾರೆ. ಮೊದಲನೆಯದು ದಿಕ್ಕು, ಎರಡನೆಯದು ಪೂರ್ಣತೆ. ಈ ಒಂದು ನಿದರ್ಶನದಿಂದಲೇ ಮಕ್ಕಳು ಎರಡು ಅರ್ಥಗಳ ಭೇದವನ್ನು ಹಿಡಿಯಬಲ್ಲರು.

ನಾಲ್ಕನೆಯದಾಗಿ, ಕೆಲವು ಬಳಕೆಗಳ ಕಾರಣ ಭಾಷೆಯಲ್ಲಿಲ್ಲ, ಹಳೆಯ ವಸ್ತುಗಳಲ್ಲಿದೆ. ದೂರವಾಣಿಯ ಮಾತು ಮುಗಿಸುವುದನ್ನು ‘ಹ್ಯಾಂಗ್ ಅಪ್’ ಎನ್ನುವುದು ಏಕೆ? ಹಿಂದಿನ ಗೋಡೆ ದೂರವಾಣಿಗಳಲ್ಲಿ ಕಿವಿಗಿಡುವ ಭಾಗವನ್ನು ಕೊಕ್ಕೆಗೆ ತೂಗುಹಾಕಿದಾಗ ಸಂಪರ್ಕ ಕಡಿಯುತ್ತಿತ್ತು. ಈಗ ತೂಗುಹಾಕುವ ವಸ್ತುವೇ ಇಲ್ಲ, ಮಾತು ಉಳಿದಿದೆ.

ವಾಕ್ಯದಲ್ಲಿ ‘ಅಪ್’ ಪದದ ಸ್ಥಾನ

‘ಹಿ ರ್‍ಯಾನ್ ಅಪ್ ಎ ಹಿಲ್’, ‘ಹಿ ರ್‍ಯಾನ್ ಅಪ್ ಎ ಬಿಲ್’ ಎಂಬ ಎರಡು ವಾಕ್ಯಗಳು ಮೇಲ್ನೋಟಕ್ಕೆ ಒಂದೇ ಅಚ್ಚಿನವು. ಮೊದಲನೆಯದರ ಅರ್ಥ ಅವನು ಗುಡ್ಡವೇರಿ ಓಡಿದನು ಎಂದು. ಎರಡನೆಯದರ ಅರ್ಥ ಅವನು ಅಂಗಡಿಯಲ್ಲೋ ಹೋಟೆಲಿನಲ್ಲೋ ಬಾಕಿ ಬೆಳೆಸಿದನು ಎಂದು. ಮೊದಲನೆಯದರಲ್ಲಿ ‘ಅಪ್’ ಗುಡ್ಡದ ಜೊತೆಗಾರ. ಎರಡನೆಯದರಲ್ಲಿ ಅದು ಕ್ರಿಯಾಪದದ ಜೊತೆಗಾರ. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ‘ಅಪ್’ ಪದವನ್ನು ಕರ್ಮಪದದ ಆಚೆಗೆ ಸರಿಸಿ ನೋಡಬೇಕು. ‘ರ್‍ಯಾನ್ ಎ ಬಿಲ್ ಅಪ್’ ಎನ್ನಬಹುದು. ‘ರ್‍ಯಾನ್ ಎ ಹಿಲ್ ಅಪ್’ ಎನ್ನಲಾಗದು.

ಕ್ರಿಯಾಪದದ ಜೊತೆಗಾರನಾದಾಗ ಮತ್ತೊಂದು ನಿಯಮವೂ ಇದೆ. ‘ಪಿಕ್ ಅಪ್ ದ ಬುಕ್’, ‘ಪಿಕ್ ದ ಬುಕ್ ಅಪ್’ ಎರಡೂ ಸರಿ. ಆದರೆ ಪುಸ್ತಕದ ಬದಲು ಸರ್ವನಾಮ ಬಂದರೆ ‘ಪಿಕ್ ಇಟ್ ಅಪ್’ ಎಂದೇ ಹೇಳಬೇಕು. ‘ಪಿಕ್ ಅಪ್ ಇಟ್’ ಎಂಬುದು ತಪ್ಪು. ಕನ್ನಡದಲ್ಲಿ ಸಹಾಯಕ ಕ್ರಿಯಾಪದವು ಕೃದಂತಕ್ಕೆ ಅಂಟಿಕೊಂಡೇ ಇರುವುದರಿಂದ, ‘ತಿಂದು’ ಮತ್ತು ‘ಹಾಕಿದನು’ಗಳ ನಡುವೆ ಕರ್ಮಪದ ನುಸುಳುವುದಿಲ್ಲ. ಹೀಗಾಗಿ ಮಕ್ಕಳು ‘ಪಿಕ್ ಅಪ್ ಇಟ್’ ಎಂದು ಬರೆಯುವುದು ಸಹಜ. ತಪ್ಪಿನ ಮೂಲ ತಿಳಿದಿದ್ದರೆ ತಿದ್ದುವುದು ಸುಲಭ.

ಕಿವಿ ಮತ್ತು ನಾಲಗೆ

ಆಡುಗನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಕೊನೆಗೊಳ್ಳುವುದರಿಂದ ‘ಅಪ್’ ಮಗುವಿನ ಬಾಯಲ್ಲಿ ‘ಅಪ್ಪು’ ಆಗುತ್ತದೆ. ಇದನ್ನು ಹಾಸ್ಯಕ್ಕೆ ಗುರಿಮಾಡದೆ, ತುಟಿ ಮುಚ್ಚಿದಲ್ಲಿಯೇ ಪದವನ್ನು ನಿಲ್ಲಿಸುವ ಅಭ್ಯಾಸ ಮಾಡಿಸಬೇಕು. ವೇಗದ ಮಾತಿನಲ್ಲಿ ‘ಗೆಟ್ ಅಪ್’ ಎಂಬುದು ‘ಗೆಟಪ್’ ಎಂದು ಕೂಡಿಕೊಳ್ಳುತ್ತದೆ. ಇದು ಕನ್ನಡದ ಸಂಧಿಯ ಹಾಗೆಯೇ ಎಂದು ತಿಳಿಸಿದರೆ ಕೇಳಿದ ಮಾತನ್ನು ಬಿಡಿಸಿಕೊಳ್ಳುವುದು ಮಕ್ಕಳಿಗೆ ಸಾಧ್ಯವಾಗುತ್ತದೆ.

ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ಬರವಣಿಗೆಯಲ್ಲಿ ಎರಡೂ ಭಾಗಗಳು ಒಂದಾಗುತ್ತವೆ ಅಥವಾ ನಡುವೆ ಕಿರುಗೆರೆ ಬರುತ್ತದೆ. ಕ್ರಿಯಾಪದವಾದಾಗ ಎರಡೂ ಬಿಡಿಯಾಗಿರುತ್ತವೆ, ‘ಅಪ್’ ಮೇಲೆಯೂ ಒತ್ತು ಬೀಳುತ್ತದೆ. ಕನ್ನಡಕ್ಕೆ ಬಂದಿರುವ ಲಾಕಪ್, ಚೆಕಪ್, ಮೇಕಪ್, ಪಿಕಪ್, ಬ್ಯಾಕಪ್, ಪ್ಯಾಕಪ್ ಎಂಬ ಪದಗಳೆಲ್ಲ ನಾಮರೂಪದವು.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

ಈ ವಿಷಯವನ್ನು ಎರಡು ಅವಧಿಗಳಲ್ಲಿ ಕೆಳಗಿನ ಕ್ರಮದಲ್ಲಿ ನಿರ್ವಹಿಸಬಹುದು.

1. ಮಕ್ಕಳಿಗೆ ಗೊತ್ತಿರುವ, ‘ಅಪ್’ ಎಂದು ಕೊನೆಗೊಳ್ಳುವ ಪದಗಳನ್ನು ಹೇಳಿಸಿ ಕರಿಹಲಗೆಯಲ್ಲಿ ಬರೆಯುವುದು. ಲಾಕಪ್ಪಿನಿಂದ ಪಿಕಪ್ ವಾಹನದವರೆಗೆ ಐದಾರು ಪದಗಳು ಅವರಿಂದಲೇ ಬರುತ್ತವೆ. ಹೊಸ ಪಾಠವು ಗೊತ್ತಿರುವುದರಿಂದ ಆರಂಭವಾದಂತಾಗುತ್ತದೆ.

2. ‘ಹೊಡೆ’ ಅಥವಾ ‘ಮೇಲೆ’ ಪದದ ಬಳಕೆಗಳನ್ನು ಗುಂಪುಗಳಲ್ಲಿ ಪಟ್ಟಿ ಮಾಡಿಸುವುದು. ಒಂದು ಪದಕ್ಕೆ ಹಲವು ಅರ್ಥಗಳಿರುವುದು ಎಲ್ಲ ಭಾಷೆಗಳ ಗುಣ ಎಂಬ ನಿರ್ಣಯಕ್ಕೆ ಮಕ್ಕಳೇ ಬರುವಂತೆ ಮಾಡುವುದು.

3. ಪಾರದರ್ಶಕ ಲೋಟಕ್ಕೆ ನಿಧಾನವಾಗಿ ನೀರು ಸುರಿದು, ಮೇಲೇರುವುದೂ ತುಂಬುವುದೂ ಒಂದೇ ಎಂಬುದನ್ನು ತೋರಿಸುವುದು. ಬಳಿಕ ಒಬ್ಬ ವಿದ್ಯಾರ್ಥಿಗೆ ‘ಡ್ರಿಂಕ್ ಇಟ್ ಅಪ್’ ಎಂದು ಹೇಳಿ ನೀರನ್ನು ಪೂರ್ತಿ ಕುಡಿಸುವುದು. ಲೋಟದಲ್ಲಿ ನೀರು ಕೆಳಗಿಳಿದರೂ ‘ಅಪ್’ ಎಂದದ್ದೇಕೆ ಎಂಬ ಚರ್ಚೆಗೆ ಅವಕಾಶ ಕೊಡುವುದು.

4. ‘ತಿಂದುಹಾಕು’, ‘ಬತ್ತಿಹೋಗು’ ಮೊದಲಾದ ಜೋಡಿಗಳನ್ನು ಬರೆದು, ಮೂರನೆಯ ಸಾಲಿನಲ್ಲಿ ನೆರೆಭಾಷೆಯ ರೂಪಗಳನ್ನು ಮಕ್ಕಳಿಂದ ಹೇಳಿಸಿ ತುಂಬುವುದು.

5. ‘ಅಪ್’ ಇರುವ ಹತ್ತು ವಾಕ್ಯಗಳನ್ನು ಕೊಟ್ಟು, ಪ್ರತಿಯೊಂದರಲ್ಲಿಯೂ ಅದು ದಿಕ್ಕು, ಹೆಚ್ಚಳ, ಪ್ರಾಮುಖ್ಯ, ಸಾಮೀಪ್ಯ, ಮುಕ್ತಾಯ ಇವುಗಳಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಗುರುತಿಸಲು ಹೇಳುವುದು. ಯಾವ ಗುಂಪಿಗೂ ಸೇರದ ವಾಕ್ಯವಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆದಿಡಲು ಹೇಳುವುದು.

6. ಕೊನೆಯಲ್ಲಿ ನಿಘಂಟನ್ನು ತೆರೆಯಿಸುವುದು. ‘ಗಿವ್’ ಎಂಬ ಪದದ ಕೆಳಗೆ ‘ಗಿವ್ ಅಪ್’ ಹುಡುಕುವುದನ್ನು ಕಲಿಸುವುದು. ಅನೇಕ ಮಕ್ಕಳು ಎರಡು ಪದಗಳನ್ನು ಬೇರೆ ಬೇರೆಯಾಗಿ ನೋಡಿ ‘ಕೊಡು’, ‘ಮೇಲೆ’ ಎಂದು ಕೂಡಿಸುತ್ತಾರೆ. ನಿಘಂಟಿನಲ್ಲಿ ಮೊದಲ ಅರ್ಥದಲ್ಲಿಯೇ ನಿಲ್ಲದೆ ಕೆಳಗಿನವರೆಗೆ ಓದುವ ಅಭ್ಯಾಸ ಇಲ್ಲಿಂದ ಆರಂಭವಾಗಬೇಕು.

ಮೌಲ್ಯಮಾಪನದಲ್ಲಿ ಗಮನಿಸಬೇಕಾದುದು

‘ಬಾವಿ ಮೇಲೆ ಒಣಗಿತು’ ಎಂದು ಬರೆದ ಬಾಲಕಿಗೆ ಆ ವಾಕ್ಯದ ಎಲ್ಲ ಪದಗಳೂ ಗೊತ್ತಿದ್ದವು. ಅವಳು ಯಾವ ಪದವನ್ನೂ ಬಿಟ್ಟಿರಲಿಲ್ಲ. ತಿಳಿಯದುದನ್ನು ಹಾರಿಸಿ ಬರೆಯುವ ಜಾಣತನವನ್ನೂ ತೋರಿರಲಿಲ್ಲ. ಅವಳ ಉತ್ತರ ಅರ್ಥದಲ್ಲಿ ತಪ್ಪು, ಶ್ರದ್ಧೆಯಲ್ಲಿ ಸರಿ. ಇಂಥ ಉತ್ತರಕ್ಕೆ ಸೊನ್ನೆ ಹಾಕುವುದೂ, ಪುಟವನ್ನೇ ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ ಹಾಕುವುದೂ ಒಂದೇ ಆದರೆ ಮುಂದಿನ ಬಾರಿ ಅವಳೂ ಪುಟವನ್ನು ಖಾಲಿ ಬಿಡುತ್ತಾಳೆ.

ಆದುದರಿಂದ ಘಟಕ ಪರೀಕ್ಷೆಗಳಲ್ಲಿ ಅನುವಾದದ ಪ್ರಶ್ನೆಗೆ ಅಂಕ ಕೊಡುವಾಗ ಕ್ರಿಯಾಪದದ ಅರ್ಥಕ್ಕೂ ‘ಅಪ್’ ಪದದ ಕೆಲಸಕ್ಕೂ ಬೇರೆ ಬೇರೆ ಅಂಕಗಳನ್ನು ಇಡುವುದು ಯುಕ್ತ. ‘ಬಾವಿ ಒಣಗಿತು’ ಎಂಬ ಉತ್ತರಕ್ಕೂ ‘ಬಾವಿ ಬತ್ತಿಹೋಯಿತು’ ಎಂಬ ಉತ್ತರಕ್ಕೂ ಇರುವ ಭೇದವನ್ನು ತರಗತಿಯಲ್ಲಿ ಚರ್ಚಿಸಬೇಕು. ಮೊದಲನೆಯದರಲ್ಲಿ ಸುದ್ದಿ ಮಾತ್ರ ಇದೆ. ಎರಡನೆಯದರಲ್ಲಿ ಹನಿ ನೀರೂ ಉಳಿದಿಲ್ಲವೆಂಬ ಪೂರ್ಣತೆಯಿದೆ. ಆ ಪೂರ್ಣತೆಯನ್ನು ತಂದುದು ‘ಹೋಯಿತು’. ಇಂಗ್ಲಿಷಿನಲ್ಲಿ ಅದನ್ನು ತಂದುದು ‘ಅಪ್’.

ಹೀಗೆ ವಿವರಿಸಿದಾಗ ಮಗು ಒಂದು ಇಂಗ್ಲಿಷ್ ಪದದ ಜೊತೆಗೆ ತನ್ನ ಮಾತಿನಲ್ಲಿ ಪ್ರತಿದಿನವೂ ಬಳಸುತ್ತಿದ್ದ ‘ಹೋಯಿತು’, ‘ಹಾಕಿದ’, ‘ಬಿಟ್ಟ’ ಎಂಬ ಪದಗಳ ಶಕ್ತಿಯನ್ನೂ ಮೊದಲ ಬಾರಿಗೆ ಗುರುತಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವುದರಿಂದ ಇಂಗ್ಲಿಷಿಗೆ ಹಿನ್ನಡೆ ಎಂದು ಗಡಿಯೂರುಗಳಲ್ಲಿ ಪೋಷಕರು ಆಗಾಗ ಆತಂಕ ವ್ಯಕ್ತಪಡಿಸುತ್ತಾರೆ. ಅದಕ್ಕೆ ಭಾಷಣದಿಂದ ಉತ್ತರಿಸುವುದಕ್ಕಿಂತ, ‘ಅಪ್ ಎಲ್ಲಿ ಹೋಯಿತು?’ ಎಂದು ಕೇಳಿದ ಮಗುವಿಗೆ ಅದು ಇರುವ ಜಾಗವನ್ನು ಕನ್ನಡದಲ್ಲಿಯೇ ತೋರಿಸಿಕೊಡುವುದು ಹೆಚ್ಚು ಪರಿಣಾಮಕಾರಿ. ಮನೆಗೆ ಹೋಗಿ ಆ ಮಗು ಅದನ್ನು ತಾನೇ ವಿವರಿಸಬಲ್ಲದು.